ಇಪ್ಪತ್ತೊಂದನೆಯ ಜೋಡಿ

ಮುನಿಕೃಷ್ಣ ಕಂಡಿಕೆ ಸುತ್ತುವುದನ್ನು ನಿಲ್ಲಿಸಿದಾಗ ಅವನ ತಾಯಿ ವರಲಕ್ಷ್ಮಮ್ಮ ಅದನ್ನು ಸೋಮಾರಿತನ ಎಂದುಕೊಂಡಳು. ದೊಡ್ಡಬಳ್ಳಾಪುರದ ಆ ಮನೆಯ ಹಿಂದಿನ ಶೆಡ್ಡಿನಲ್ಲಿ ಮಗ್ಗಗಳು ಓಡುತ್ತಿದ್ದವು. ಅವಕ್ಕೆ ಬೇಕಾದ ನೂಲನ್ನು ಲಾಳಿಯೊಳಗೆ ಕೂರಿಸುವ ಕಂಡಿಕೆಗೆ ಸುತ್ತಿಕೊಡುವುದು ಮೀಸೆ ಮೂಡುವ ಮೊದಲಿನಿಂದಲೂ ಅವನದೇ ಕೆಲಸ. ಈಗ ನಲವತ್ತರ ಹತ್ತಿರ. ಮಾತು ತೊದಲು, ಲೆಕ್ಕ ಬಾರದು. ಬೀದಿಯವರು ‘ಬುದ್ಧಿ ಕಮ್ಮಿ’ ಎನ್ನುತ್ತಿದ್ದರು, ಮನೆಯವರೂ ಅಷ್ಟಕ್ಕೇ ಬಿಟ್ಟಿದ್ದರು. ಆದರೆ ನೂಲಿನ ಬಣ್ಣದಲ್ಲಿ ಅವನೆಂದೂ ತಪ್ಪಿದವನಲ್ಲ.

ಆ ಆಷಾಢದಲ್ಲಿ ಕೆಂಪು ಕೇಳಿದರೆ ಹಸಿರು ತಂದುಕೊಟ್ಟ. ಆಮೇಲೆ ರಾಟೆಯ ಮುಂದೆ ಕೈ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂರತೊಡಗಿದ. ಒಂದು ಬೆಳಗ್ಗೆ ಹಾಲು ತರಲು ಹೋದವನು ಬಸ್ ಸ್ಟ್ಯಾಂಡಿನಲ್ಲಿ ಅಳುತ್ತಾ ಸಿಕ್ಕಿದ. ನೆಲಮಂಗಲಕ್ಕೆ ಕೊಟ್ಟಿದ್ದ ವರಲಕ್ಷ್ಮಮ್ಮನ ಮಗಳು ವಾಣಿ ಓಡಿಬಂದಳು.

“ದೃಷ್ಟಿ ತೆಗೆದಿದ್ದು ಸಾಕಮ್ಮ. ಡಾಕ್ಟರಿಗೆ ತೋರಿಸೋಣ ನಡಿ.”

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ರಕ್ತ ತೆಗೆದುಕೊಂಡು ಕೆಲವು ವಾರ ಬಿಟ್ಟು ಬರಲು ಹೇಳಿದರು. ಎರಡನೆಯ ಸಲ ಹೋದಾಗ ಡಾಕ್ಟರಮ್ಮ ಕಂಪ್ಯೂಟರನ್ನು ಇವರ ಕಡೆಗೆ ತಿರುಗಿಸಿದರು. ತೆರೆಯ ಮೇಲೆ ಪಟ್ಟೆಪಟ್ಟೆಯ ಸಣ್ಣ ಕಡ್ಡಿಗಳು ಸಾಲಾಗಿದ್ದವು.

“ಇವು ಕ್ರೋಮೋಸೋಮು. ರಕ್ತದಲ್ಲಿರೋ ಜೀವಕೋಶಗಳನ್ನ ಬೆಳೆಸಿ, ಅವು ಎರಡಾಗೋ ಹೊತ್ತಿಗೆ ತಡೆದು, ಬಣ್ಣ ಹಾಕಿ ಫೋಟೋ ತೆಗೀತೀವಿ. ಜೋಡಿ ಜೋಡಿ ಇರಬೇಕು. ಇಲ್ಲಿ ನೋಡಿ, ಇಪ್ಪತ್ತೊಂದನೇದು ಎರಡಿರೋ ಕಡೆ ಮೂರಿದೆ. ಡೌನ್ ಸಿಂಡ್ರೋಮ್ ಅಂತೀವಿ.”

“ಅದು ಈಗ ಬಂದಿದ್ದಾ?” ಎಂದಳು ವರಲಕ್ಷ್ಮಮ್ಮ.

“ಇಲ್ಲಮ್ಮ. ನಿಮ್ಮ ಹೊಟ್ಟೇಲಿದ್ದಾಗ್ಲೇ ಇತ್ತು.”

“ಗ್ರಹಣದ ದಿನ ನಾನು ಹೊರಗೆ ಬಂದಿದ್ದೆ.”

“ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಯಾರ ತಪ್ಪೂ ಅಲ್ಲ ಇದು.”

ಆ ಗ್ರಹಣದ ಮಾತೆತ್ತಿ ಹಂಗಿಸುತ್ತಿದ್ದ ಅತ್ತೆ ಬದುಕಿದ್ದಾಗ ಯಾರಾದರೂ ಈ ಮಾತು ಹೇಳಿದ್ದರೆ ಅವಳು ಅವರ ಕಾಲಿಗೆ ಬೀಳುತ್ತಿದ್ದಳು. ಈಗ ಅದು ಪಕ್ಕದಲ್ಲಿ ಕೂತ ಇನ್ನಾರಿಗೋ ಹೇಳಿದಂತೆ ಕೇಳಿಸಿತು.

ಆ ಹೆಚ್ಚಿನ ಒಂದರಿಂದಲೇ ಇಂಥವರಲ್ಲಿ ಅನೇಕರಿಗೆ ಮುದುಕರ ಮರೆವು ಬೇಗ ಹತ್ತಿಕೊಳ್ಳುತ್ತದೆ, ಇವನಿಗೂ ಅದೇ ಶುರುವಾಗಿದೆ ಎಂದು ಡಾಕ್ಟರಮ್ಮ ವಿವರಿಸಿದರು.

“ಆ ಒಂದನ್ನ ತೆಗೆದುಬಿಡಕ್ಕೆ ಆಗಲ್ವಾ ತಾಯಿ?”

“ಮೈಯಲ್ಲೆಲ್ಲಾ ಇದೆಯಮ್ಮ. ತೆಗೆಯಕ್ಕೆ ಆಗಲ್ಲ. ಮರೆವು ನಿಲ್ಲಿಸೋ ಔಷಧೀನೂ ಇಲ್ಲ.”

ಎಷ್ಟು ದಿನ ಎಂದು ವಾಣಿ ಕೇಳಿದಳು. ಕೆಲವು ವರ್ಷ ಎಂದರು. ಮುನಿಕೃಷ್ಣ ಕಿಟಕಿಯಾಚೆ ನೋಡುತ್ತಿದ್ದ.

ಬಸ್ಸಿನಲ್ಲಿ ಅವನು ತಾಯಿಯ ಭುಜಕ್ಕೆ ಒರಗಿ ನಿದ್ದೆಹೋದ. ಘಾಟಿಯ ದೇವಸ್ಥಾನಕ್ಕೆ ಹೋದಾಗಲೆಲ್ಲ ವರಲಕ್ಷ್ಮಮ್ಮ ಬೇಡಿಕೊಳ್ಳುತ್ತಿದ್ದುದು ಒಂದೇ: ನನಗಿಂತ ಮುಂಚೆ ಇವನನ್ನು ಕರೆದುಕೋ, ನಾನಿಲ್ಲದ ಮೇಲೆ ಇವನನ್ನು ನೋಡುವವರು ಯಾರು? ಈಗ ಹಾಗೇ ಆಗುವಂತಿತ್ತು.

ಒಂದು ವರ್ಷದಲ್ಲಿ ಅವನು ಗುಂಡಿ ಹಾಕಿಕೊಳ್ಳುವುದನ್ನು ಮರೆತ, ಬಚ್ಚಲಿಗೆ ಹೋಗುವುದನ್ನು ಮರೆತ. ಮಗ್ಗದ ಸದ್ದಿಗೆ ಹೆದರಿ ಮೂಲೆ ಸೇರುತ್ತಿದ್ದ. ಅವನು ಮಲಗಿದ ಮೇಲಷ್ಟೇ ಮಗ್ಗ ಓಡಿಸತೊಡಗಿದರು. ಅನ್ನ ಕಲಸಿ ಬಾಯಿಗಿಟ್ಟರೆ ಅಗಿಯಬೇಕೆಂಬುದೂ ತಿಳಿಯದೆ ಹಾಗೇ ಇಟ್ಟುಕೊಂಡಿರುತ್ತಿದ್ದ.

ಒಂದು ಮಧ್ಯಾಹ್ನ ತುತ್ತು ಎತ್ತಿದಾಗ ಅವನು ಮುಖ ಪಕ್ಕಕ್ಕೆ ತಿರುಗಿಸಿದ.

“ಅಮ್ಮ ಎಲ್ಲಿ?”

“ಇಲ್ಲೇ ಇದೀನಲ್ಲೋ.”

“ನೀನಲ್ಲ. ಅಮ್ಮ.” ಹೇಳಿ ಬಾಯಿ ಮುಚ್ಚಿಕೊಂಡ. ಎಷ್ಟು ಪುಸಲಾಯಿಸಿದರೂ ತೆರೆಯಲಿಲ್ಲ.

ವರಲಕ್ಷ್ಮಮ್ಮ ತಟ್ಟೆ ಕೆಳಗಿಟ್ಟು ಕೈ ತೊಳೆದಳು. ಹಿತ್ತಲಿಂದ ಸುತ್ತಿಕೊಂಡು ಬೀದಿಗೆ ಹೋಗಿ, ಸೆರಗು ಸರಿಮಾಡಿಕೊಂಡು ಮುಂಬಾಗಿಲಿನಿಂದ ಒಳಗೆ ಬಂದಳು.

“ಬಂದ್ಬಿಟ್ಟೆ ಕಣೋ ಮುನಿ. ಲೇಟಾಯ್ತು.”

ಅವನು ಅವಳನ್ನು ನೋಡಿದ. ಆಮೇಲೆ ಅವಳ ಹಿಂದೆ ಇನ್ನಾರಾದರೂ ಬರುತ್ತಿದ್ದಾರೆಯೇ ಎಂದು ಕತ್ತು ಓರೆಮಾಡಿ ಬಾಗಿಲ ಕಡೆಗೇ ನೋಡತೊಡಗಿದ.