ಯಾವ ಬೆರಳು

"ಹ್ಯಾಂಡ್ಸಪ್ ಬೇಡಪ್ಪ, ಕಾಲ್ ಅಪ್! ಭಾಗ್‌ನೇ ಕಾ ರಾಸ್ತಾ ಬಂದ್ ಹೈ!" ಎಂದು ವಿನೋದಿನಿ ಖೋಲಿಯ ಬಾಗಿಲಿಗೆ ಅಡ್ಡವಾಗಿ ಸ್ಟೂಲು ಎಳೆದು ಕೂತಳು. ರಮಾನಾಥ ಭಟ್ಟರು ಬಲಗಾಲನ್ನು ಮಗಳ ಮಡಿಲಿಗೆ ಚಾಚಿದರು. ಚೆಂಬೂರಿನ ಹೋಟೆಲಿನಲ್ಲಿ ಬೆಳಗಿನಿಂದ ಒಲೆಯೆದುರು ನಿಂತು ಬಂದ ಕಾಲು. ಒದ್ದೆ ಪಟ್ಟಿ ಸಾಂಬಾರಿನ ವಾಸನೆ ಹೊಡೆಯುತ್ತಿತ್ತು.

ಮಳೆಗಾಲದಲ್ಲಿ ಆದ ಗಾಯ, ದೀಪಾವಳಿ ಕಳೆದರೂ ಮಾಯುವ ಲಕ್ಷಣವಿರಲಿಲ್ಲ. ಸಕ್ಕರೆ ಕಾಯಿಲೆಯವರು ಹೀಗೆ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತರೆ ಕಾಲು ಕತ್ತರಿಸುವುದೇ ಗತಿ ಎಂದು ಹೇಳಿ ಹೇಳಿ ಡಾಕ್ಟರು ಸುಸ್ತಾಗಿದ್ದರು. ತೊಳೆದು ತೊಳೆದು ವಿನೋದಿನಿಯೂ ಸುಸ್ತಾಗಿದ್ದಳು. ಬಾಯಲ್ಲಿ ಸಿನಿಮಾ ಡೈಲಾಗು ಇಲ್ಲದಿದ್ದರೆ ಆ ಪಟ್ಟಿ ಬಿಚ್ಚಲು ಅವಳಿಗೆ ಕೈಯೇ ಏಳುತ್ತಿರಲಿಲ್ಲ.

ಇವತ್ತು ಹಿಮ್ಮಡಿಯಲ್ಲಿ ಹೊಸದೊಂದು ಬೊಕ್ಕೆ ಎದ್ದಿತ್ತು.

"ಇದೆಂತಪ್ಪ? ಕೆಂಡ ತುಳಿದ್ರಾ?"

"ಹೌದಾ? ಗೊತ್ತೇ ಆಗ್ಲಿಲ್ಲ ಮಾರಾಯ್ತಿ."

"ಚಪ್ಪಲಿ ಹಾಕಿ ಅಂದ್ರೆ..."

"ಒಲೆ ಮುಂದೆ ಚಪ್ಪಲಿಯಾ? ದಿನಾ ಕೈಮುಗಿದು ಬೆಂಕಿ ಹಚ್ಚುವವ ನಾನು. ಅದೊಂದು ಬಿಟ್ಟು ಬೇರೆ ಹೇಳು."

ವಿನೋದಿನಿಗೆ ಕೀಟಲೆ ಹೊಳೆಯಿತು. "ಸರಿ, ಕಣ್ಮುಚ್ಚಿ. ನಾನು ಮುಟ್ಟಿದ್ದು ಯಾವ ಬೆರಳು, ಹೇಳಿ. ತಪ್ಪಿದ್ರೆ ಸಜಾ!"

"ಹೆಬ್ಬೆರಳು."

ಅವಳು ಹಿಡಿದದ್ದು ನಡುಬೆರಳು. ಕಿಸಕ್ಕನೆ ನಕ್ಕಳು. "ಗಲತ್! ಈಗ?"

"ಇನ್ನೂ ಮುಟ್ಲೇ ಇಲ್ಲ ನೀನು. ಮುಟ್ಟು, ಹೇಳ್ತೇನೆ."

ಅವಳ ಉಗುರು ಹೆಬ್ಬೆರಳಿಗೆ ಚುಚ್ಚಿಕೊಂಡಿತ್ತು. ವಿನೋದಿನಿ ನಗು ನಿಲ್ಲಿಸಿ, ಮೆಲ್ಲಗೆ ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ಒಯ್ದಳು.

"ಈಗ?"

"ಹಾಂ, ಈಗ ಸರೀ ಗೊತ್ತಾಯ್ತು. ಕಿರುಬೆರಳು. ಹೌದಾ ಅಲ್ವಾ?"

ಭಟ್ಟರು ಕಣ್ಣು ತೆರೆದರು. ಮಗಳ ಮುಖ ನೋಡಿದರು. ಅವಳ ಕೈಗಳನ್ನು ಹುಡುಕಿದರು. ಆಮೇಲೆ ಬಗ್ಗಿ ತಾವೇ ಕಿರುಬೆರಳನ್ನು ಹಿಸುಕಿದರು. ಇನ್ನೊಮ್ಮೆ, ಜೋರಾಗಿ ಹಿಸುಕಿದರು.

"ಚರ್ಮದ ಬೂಟು ಬೇಡ," ಎಂದರು. "ಬಟ್ಟೆಯದ್ದು ತಾ. ಒಲೆ ಮುಂದೆ ಹಾಕುವಂಥದ್ದು, ಬೀದಿಗೆ ತಾಗಿಸ್ಬೇಡ."

ಮರುದಿನ ಬೆಳಿಗ್ಗೆ ವಿನೋದಿನಿ ಹೊಸ ಕ್ಯಾನ್‌ವಾಸ್ ಬೂಟುಗಳನ್ನು ಎದೆಗೊತ್ತಿಕೊಂಡು ಅಪ್ಪನ ಜೊತೆ ಹೋಟೆಲಿನ ಹಿಂಬಾಗಿಲವರೆಗೆ ಬಂದಳು. ಭಟ್ಟರು ಬರಿಗಾಲಲ್ಲೇ ಒಳಗೆ ಹೋಗಿ ಒಲೆ ಹಚ್ಚಿ, ಕೈಮುಗಿದು, ಕುಂಟುತ್ತ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಕಾಲು ನೀಡಿದರು. ಅವಳು ಲೇಸು ಕಟ್ಟತೊಡಗಿದಾಗ, ಒಳಗೆ ಹಿಟ್ಟು ರುಬ್ಬುತ್ತಿದ್ದವರು, ತೆಂಗಿನಕಾಯಿ ತುರಿಯುತ್ತಿದ್ದವರು ಒಬ್ಬೊಬ್ಬರಾಗಿ, ಭಟ್ಟರ ಬೂಟು ತಮಗೆ ಕಾಣದ ಹಾಗೆ, ಗೋಡೆಯ ಕಡೆ ತಿರುಗಿ ಕೂತರು.