ಮಾವಿನೆಲೆ ಅಂಚಿನ ಪರದೆ

ತುಮಕೂರಿನ ಮರಳೂರಲ್ಲೊಂದು, ಕುಣಿಗಲ್‌ನಲ್ಲೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಬೆಟ್ಟಸ್ವಾಮಿ ಹೊಸದೆಂದು ಕೊಟ್ಟ ಹಾರ್ಡ್ ಡಿಸ್ಕ್ ಮೂರೇ ತಿಂಗಳಿಗೆ ಸತ್ತಿತು. ಗುಬ್ಬಿಯಲ್ಲಿ ಲಗ್ನಪತ್ರಿಕೆ ಮಾಡುವ ಪುಟ್ಟರಂಗಯ್ಯ ಅದಕ್ಕೆ ತುಂಬಿದ್ದ ಹನ್ನೆರಡು ವರ್ಷದ ಮಾದರಿಗಳೆಲ್ಲ ಮಣ್ಣುಪಾಲಾದವು. ಕೇಳಲು ಹೋದರೆ ಬೆಟ್ಟಸ್ವಾಮಿ ಅಂಗಡಿ ತುಂಬ ಜನರ ಮುಂದೆ ಅಂದ: “ಕಾಯಿ ಸುಲ್ಕೊಂಡಿರೋದು ಬುಟ್ಟು ನಿನಗ್ಯಾಕಣ್ಣ ಕಂಪ್ಯೂಟರ್ರು?” ಜನ ನಕ್ಕರು. ಆ ನಗು ಪುಟ್ಟರಂಗಯ್ಯನ ಎದೆಯಲ್ಲಿ ಮುಳ್ಳಾಗಿ ಕೂತಿತು.

ಹಲ್ಲು ಕಚ್ಚಿಕೊಂಡು ಕಲಿತ. ಹಳೇ ಕಂಪ್ಯೂಟರ್ ಪೆಟ್ಟಿಗೆಗೆ, ಡಿಸ್ಕಿಲ್ಲದೆ ಪೆನ್‌ಡ್ರೈವಿನಿಂದಲೇ ಓಡುವ ಹಗುರವಾದ ಲಿನಕ್ಸ್ ಹಾಕಿದ. ಐಕಾನಿಲ್ಲ, ಮೆನುವಿಲ್ಲ, ಬೋಳು ಪರದೆ. ಮೆಮೊರಿ ಎಷ್ಟಿದೆ, ಬಿಸಿ ಎಷ್ಟಿದೆ, ಹಾಕಿದ ಡಿಸ್ಕ್ ಹುಟ್ಟಿದಾಗಿನಿಂದ ಎಷ್ಟು ಗಂಟೆ ಓಡಿದೆ ಎಂದು ಯಂತ್ರದ ಒಳಗಿಂದಲೇ ಓದಿ ತೋರಿಸುವ ಪುಟ್ಟ ಪ್ರೋಗ್ರಾಮು ಕೂರಿಸಿದ. ಅದರಲ್ಲಿ ಕನ್ನಡ ಬರೆದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತಿದ್ದವು. ವಾರವೆಲ್ಲ ಬಡಿದಾಡಿ, ಕೊನೆಗೆ ತನ್ನ ಕಸುಬಿಗೇ ಬಂದ. ಲಗ್ನಪತ್ರಿಕೆಯ ಹಾಗೆ ಮಾವಿನೆಲೆ ಅಂಚು ಕಟ್ಟಿ, ‘ಈ ಡಿಸ್ಕು ಈವರೆಗೆ ದುಡಿದ ಗಂಟೆ’ ಎಂದು ದಪ್ಪಕ್ಷರದಲ್ಲಿ ಬರೆದು, ಮುಹೂರ್ತಕ್ಕೆ ಬಿಡುವಂತೆ ಕೆಳಗೆ ಜಾಗ ಬಿಟ್ಟು, ಆ ಚಿತ್ರವನ್ನೇ ಪರದೆಗೆ ಹಿನ್ನೆಲೆ ಮಾಡಿದ. ಅಂಕಿಯೊಂದೇ ಯಂತ್ರದ್ದು. ಅದು ಬಂದು ಖಾಲಿ ಜಾಗದಲ್ಲಿ ಅಚ್ಚುಕಟ್ಟಾಗಿ ಕೂತಿತು.

ಶನಿವಾರ ಮರಳೂರಿನ ಅಂಗಡಿಯಲ್ಲಿ ಜನ ಜಾಸ್ತಿ. ಪೆಟ್ಟಿಗೆಯನ್ನು ಗೋಣಿಚೀಲದಲ್ಲಿ ಹೊತ್ತು ಹೋಗಿ, ಇನ್ನೊಂದು ಹೊಸ ಡಿಸ್ಕ್ ಬೇಕಿತ್ತೆಂದು ತಲೆ ತಗ್ಗಿಸಿ ನಿಂತ. ಬೆಟ್ಟಸ್ವಾಮಿ ನಗುತ್ತಲೇ ಕವರ್ ಹರಿದು ಡಿಸ್ಕ್ ಹಾಕಿ, ಗೋಡೆಯ ದೊಡ್ಡ ಮಾನಿಟರಿಗೆ ಸಿಕ್ಕಿಸಿ ಆನ್ ಮಾಡಿದ.

ಮಾವಿನೆಲೆ ಮೂಡಿತು. ‘ದುಡಿದ ಗಂಟೆ’ಯ ಕೆಳಗೆ ಕೆಂಪಗೆ 31406.

“ಏನಣ್ಣ ಇದು, ಯಾರ ಲಗ್ನಪತ್ರಿಕೆ?”

“ನಿನ್ನ ಡಿಸ್ಕಿಂದು ಕಣೋ. ಮೂರೂವರೆ ವರ್ಷ ಹಗಲೂ ರಾತ್ರಿ ದುಡಿದವ್ನೆ ಹೊಸ ಮದುಮಗ.”

ಬೆಟ್ಟಸ್ವಾಮಿಯ ಕೈ ಸ್ವಿಚ್ಚಿಗೆ ಹೋಯಿತು; ಪುಟ್ಟರಂಗಯ್ಯ ಆ ಕೈ ಹಿಡಿದ. ಒಳಗೆ ಬಾ, ಅಸಲಿ ಹೊಸದು ಪುಕ್ಕಟೆ ಕೊಡ್ತೀನಿ ಎಂದು ಬೆಟ್ಟಸ್ವಾಮಿ ಪಿಸುಗುಟ್ಟಿದ.

“ಅವತ್ತು ಜನದ ಮುಂದೆ ಆಡ್ದೆ. ಇವತ್ತೂ ಇಲ್ಲೇ ಆಡು.”

ಉಪ್ಪಾರಹಳ್ಳಿಯ ರಿಟೈರ್ಡ್ ಟೀಚರ್ ಸರ್ವಮಂಗಳಮ್ಮ ಆಗತಾನೇ ಕೊಂಡ ಡಿಸ್ಕನ್ನು ಮೇಜಿನ ಮೇಲಿಟ್ಟು, ಇದನ್ನೂ ಹಾಕಿ ನೋಡಪ್ಪ ಎಂದರು. 22870. ಅವರ ಹಿಂದೆ ಸಾಲು ಬೆಳೆಯಿತು. ಪುಟ್ಟರಂಗಯ್ಯ ಸ್ಟೂಲ್ ಎಳೆದುಕೊಂಡು ಕೂತು ಒಬ್ಬರನ್ನೂ ಬಿಡದೆ ಎಲ್ಲರ ಡಿಸ್ಕೂ ಹಾಕಿ ನೋಡಿದ. ಈ ಸಲ ಯಾರೂ ನಗಲಿಲ್ಲ, ಬೆಟ್ಟಸ್ವಾಮಿಯನ್ನು ಬೈಯುವುದಕ್ಕೇ ಹೊತ್ತು ಸಾಲದಾಗಿತ್ತು.

ಮಧ್ಯಾಹ್ನ ಬಸ್ ಸ್ಟ್ಯಾಂಡಿಗೆ ಬಂದಾಗ ಗುಬ್ಬಿ ಬಸ್ಸು ಹೊರಟು ನಿಂತಿತ್ತು. ಪುಟ್ಟರಂಗಯ್ಯ ಗೋಣಿಚೀಲ ಹೆಗಲಿಗೇರಿಸಿ, ಬೆಟ್ಟಸ್ವಾಮಿಯ ಇನ್ನೊಂದು ಅಂಗಡಿಯಿದ್ದ ಕುಣಿಗಲ್ಲಿನ ಬಸ್ಸು ಹತ್ತಿದ.