ಒತ್ತಿ ನೋಡುವ ಬೆರಳು

ಯಂತ್ರ ಮೂರನೆಯ ಬಾರಿ ಕಣ್ಣಿಗೆ ಫುಸ್ಸೆಂದು ಗಾಳಿ ಊದಿತು. ನಾಗಶ್ರೀ ಮೂರನೆಯ ಬಾರಿಯೂ ರೆಪ್ಪೆ ಮುಚ್ಚಿಬಿಟ್ಟಳು.

"ಗಾಳಿ ಕಣಮ್ಮ, ಗುಂಡಲ್ಲ," ಎಂದು ಯಂತ್ರದ ಹಿಂದಿನಿಂದ ನರ್ಸ್ ಮೀನಾ ನಕ್ಕಳು. "ಇನ್ನೊಂದ್ಸಲ. ಕೆಂಪು ಚುಕ್ಕಿ ನೋಡು."

ನಾಗಶ್ರೀ ಗದ್ದವನ್ನು ಮತ್ತೆ ಯಂತ್ರದ ಪಟ್ಟಿಗಿಟ್ಟಳು. ಬೆಳಗ್ಗೆ ಹೊನ್ನೂರಿನಿಂದ ಬಸ್ಸು ಹತ್ತಿ ಕೊಳ್ಳೇಗಾಲದ ಈ ಕಣ್ಣಾಸ್ಪತ್ರೆಗೆ ಬಂದಿದ್ದಳು. ಆರು ತಿಂಗಳ ಹಿಂದೆ ಈ ಎಡಗಣ್ಣಿಗೆ ಹಳದಿ ಹನಿ ಹಾಕಿ, ನೀಲಿ ಬೆಳಕು ಬಿಟ್ಟು, ತೆಳುವಾಗಿ ಉಬ್ಬುತ್ತಿದ್ದ ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆಯನ್ನು, ಬಿಗಿ ಮಾಡಿದ್ದರು. ಆ ಬಿಗಿ ನಿಂತಿದೆಯೇ ಎಂಬುದನ್ನು, ಪೊರೆಯನ್ನು ಒತ್ತಿ ನೋಡುವ ಈ ಗಾಳಿ ಹೇಳಬೇಕಿತ್ತು. ನಿಲ್ಲದಿದ್ದರೆ ಮುಂದೆ ಬೇರೆಯವರ ಕಾರ್ನಿಯಾ ಹಾಕಿಸಬೇಕಾದೀತು ಎಂದು ಅಂದೇ ಹೇಳಿದ್ದರು.

ಈ ಸಲ ಕಣ್ಣು ತೆರೆದೇ ಇತ್ತು.

ಡಾಕ್ಟರ್ ಮಲ್ಲಿಕಾರ್ಜುನಸ್ವಾಮಿ ಪರದೆಯನ್ನು ಎರಡು ಬಾರಿ ನೋಡಿದರು. "ಇಷ್ಟೊತ್ತಿಗೆ ಗಟ್ಟಿಯಾಗಬೇಕಿತ್ತು. ಇನ್ನೂ ಮೆತ್ತಗೇ ಇದೆ. ಕಣ್ಣು ಉಜ್ಜುತ್ತೀಯೇನಮ್ಮ?"

"ಉಜ್ಜಕೆ ನಾನ್ ಬುಟ್ಟೇನಾ ಸಾ?" ಬಾಗಿಲಲ್ಲಿದ್ದ ತಾಯಿ ಶಿವರತ್ನಮ್ಮ ಒಳಕ್ಕೇ ಬಂದಳು. "ಮಲಗಿದ್ರೂ ಕಾಯ್ತೀನಿ."

ನಾಗಶ್ರೀ ನೆಲ ನೋಡಿದಳು. ಅವ್ವ ರೇಷ್ಮೆ ಹುಳು ಸಾಕುವವಳು. ಗೂಡನ್ನು ಹೆಬ್ಬೆರಳಲ್ಲಿ ಒತ್ತಿ ಗಟ್ಟಿಯೋ ಜೊಳ್ಳೋ ಹೇಳಿದರೆ ಮಾರುಕಟ್ಟೆಯವರೂ ಎದುರಾಡುತ್ತಿರಲಿಲ್ಲ. ಅದೇ ಹೆಬ್ಬೆರಳು ಪ್ರತಿ ಬೆಳಗ್ಗೆ, ಕಾಫಿಗೂ ಮೊದಲು, ಮಗಳ ಮುಚ್ಚಿದ ರೆಪ್ಪೆಯ ಮೇಲೆ ಕೂರುತ್ತಿತ್ತು. 'ನೆನ್ನೆಗಿಂತ ವಾಸಿ ಕಣ್ ಕೂಸೇ.' ಅವ್ವನ ಆ ಹಿಗ್ಗು ಕಂಡು ಒತ್ತಬೇಡ ಎನ್ನಲು ಮನಸ್ಸು ಬಂದಿರಲಿಲ್ಲ.

ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕತೊಡಗಿದರು.

"ಅವ್ವ ಒತ್ತುತದ ಸಾ," ಎಂದಳು ನಾಗಶ್ರೀ. "ದಿನಾ. ಗೂಡ್ ಒತ್ದಂಗೆ."

ಮೀನಾ ಕಿಸಕ್ಕೆಂದವಳು ಡಾಕ್ಟರ ಮುಖ ನೋಡಿ ಸುಮ್ಮನಾದಳು.

"ಉಜ್ಜಬ್ಯಾಡಿ ಅಂದಿದ್ರಿ ಸಾ," ಶಿವರತ್ನಮ್ಮನ ದನಿ ಇಳಿಯಿತು. "ಒತ್ಬ್ಯಾಡಿ ಅನ್ನಿಲ್ವಲ್ಲ."

"ಎರಡೂ ಒಂದೇ ಕಣಮ್ಮ. ಇವತ್ತಿಂದ ಮುಟ್ಟಲೇಬೇಡಿ. ಮೂರು ತಿಂಗಳಿಗೆ ಮತ್ತೆ ಅಳೆಯೋಣ. ಅಲ್ಲೀವರೆಗೆ ನಾನೂ ಏನೂ ಹೇಳಲಾರೆ."

ಊರಿನ ಬಸ್ಸಿನಲ್ಲಿ ಸೀಟು ಸಿಕ್ಕಿದ ಮೇಲೆ ಅವ್ವ ಒಂದೇ ಒಂದು ಕೇಳಿದಳು: "ನಂಗೆ ಯೋಳಕ್ಕೂ ಎದ್ರಿಕೆಯಾ?"

ನಾಗಶ್ರೀ ಕಿಟಕಿಯತ್ತ ಮುಖ ತಿರುಗಿಸಿದಳು. ಅದಕ್ಕೆ ಗಾಜಿರಲಿಲ್ಲ. ಊರು ದಾಟುತ್ತಲೇ ಧೂಳು ನುಗ್ಗಿತು, ಎಡಗಣ್ಣು ಕಡಿಯತೊಡಗಿತು. ಅವಳು ಎರಡೂ ಕೈಗಳನ್ನು ತೊಡೆಯಡಿ ಸಿಕ್ಕಿಸಿಕೊಂಡಳು.

"ಈಚೆ ಸರ್ಕೊ," ಎಂದು ಶಿವರತ್ನಮ್ಮ ಕಿಟಕಿಯ ಕಡೆಗೆ ಕೂತು, ಸೆರಗನ್ನು ಕಿಟಕಿಗೆ ಅಡ್ಡ ಹಿಡಿದು ಅಂಗೈಯಿಂದ ಒತ್ತಿಕೊಂಡಳು. ಕಬ್ಬಿನ ಲಾರಿ ದಾಟಿಹೋಯಿತು. ತೋಳು ಸೋತಾಗ ಕೈ ಬದಲಿಸಿದಳು.